ಇನ್ನೊಬ್ಬರ ಹಕ್ಕಿನೊಳಗೆ ನಮ್ಮ ಕರ್ತವ್ಯ

(ಪೌರತ್ವದ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1955ರ ಪೌರತ್ವ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದು ಪ್ರಮಾಣವಚನವಿದೆ. ಒಂದೇ ವಾಕ್ಯ. ಹೊರದೇಶದವರೊಬ್ಬರು ಭಾರತದ ಪೌರರಾಗುವಾಗ ಆ ಪ್ರಮಾಣ ಮಾಡಬೇಕು. ಕಾನೂನಿನಿಂದ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ಈ ದೇಶದ ಕಾನೂನುಗಳನ್ನು ಪ್ರಾಮಾಣಿಕವಾಗಿ ಪಾಲಿಸುತ್ತೇನೆ, ಪೌರನಾಗಿ ನನ್ನ ಕರ್ತವ್ಯಗಳನ್ನು ನೆರವೇರಿಸುತ್ತೇನೆ ಎಂಬುದು ಅದರ ಸಾರ. ಅಲ್ಲಿ ಸರ್ಕಾರದ ಹೆಸರಿಲ್ಲ. ಧರ್ಮ, ಭಾಷೆ, ನಾಯಕರ ಮಾತೂ ಇಲ್ಲ. ನಿಷ್ಠೆ ಸಲ್ಲಬೇಕಾದದ್ದು ಸಂವಿಧಾನಕ್ಕೆ.

ಈ ಸಭೆಯಲ್ಲಿ ಕೂತಿರುವ ನಾವು ಬಹುಪಾಲು ಯಾರೂ ಆ ಪ್ರಮಾಣ ಮಾಡಿದವರಲ್ಲ. ಇಲ್ಲಿ ಹುಟ್ಟಿದೆವು, ಪೌರರಾದೆವು. ಸಂವಿಧಾನವನ್ನು ಓದಿದ್ದೀರಾ, ಒಪ್ಪುತ್ತೀರಾ ಎಂದು ಯಾರೂ ನಮ್ಮನ್ನು ಕೇಳಲಿಲ್ಲ. ಆದ್ದರಿಂದಲೇ ಏನು ಸಿಕ್ಕಿದೆ, ಅದಕ್ಕೆ ಪ್ರತಿಯಾಗಿ ಯಾರಿಗೆ ಏನು ಸಲ್ಲಿಸಬೇಕು ಎಂಬ ಲೆಕ್ಕವೂ ನಮ್ಮಲ್ಲಿ ಮಸುಕಾಗಿದೆ. ಇವತ್ತು ನಾನು ಮಾತಾಡಲು ಬಂದಿರುವುದು ಆ ಲೆಕ್ಕದ ಬಗ್ಗೆ.

ಮೊದಲು, ಪೌರರಾಗುವ ದಾರಿಗಳು. ಕಾಯ್ದೆ ಐದನ್ನು ಹೇಳುತ್ತದೆ: ಹುಟ್ಟು, ವಂಶ, ನೋಂದಣಿ, ದೇಶೀಕರಣ (ಹೊರಗಿನವರು ವರ್ಷಗಟ್ಟಲೆ ಇಲ್ಲಿ ನೆಲೆಸಿ ಪೌರರಾಗುವುದು), ಮತ್ತು ಹೊಸ ಪ್ರದೇಶ ದೇಶಕ್ಕೆ ಸೇರಿದಾಗ ಅಲ್ಲಿನ ಜನರಿಗೆ ಸಿಗುವ ಪೌರತ್ವ. ಗೋವಾದವರು, ಪುದುಚೇರಿಯವರು, 1975ರಲ್ಲಿ ಸಿಕ್ಕಿಂನವರು ನಮ್ಮ ಜೊತೆಯಾದದ್ದು ಈ ಕೊನೆಯ ದಾರಿಯಿಂದ. ದೇಶೀಕರಣಕ್ಕೆ ಸಾಮಾನ್ಯ ನಿಯಮ ಹೀಗಿದೆ: ಅರ್ಜಿ ಹಾಕುವ ಮುಂಚಿನ ಪೂರ್ತಿ 12 ತಿಂಗಳು ಇಲ್ಲೇ ಇದ್ದಿರಬೇಕು, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇಲ್ಲಿ ಕಳೆದಿರಬೇಕು, ನಡತೆ ಒಳ್ಳೆಯದಿರಬೇಕು. ಜೊತೆಗೆ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದಾದರೂ ಒಂದು ಸಾಕಷ್ಟು ಬರಬೇಕು. ಹಿಂದಿಯೇ ಆಗಬೇಕೆಂದಿಲ್ಲ. ಕನ್ನಡ ಕಲಿತು, ಕನ್ನಡದ ಬಲದ ಮೇಲೆ ಒಬ್ಬರು ಭಾರತೀಯರಾಗಬಹುದು. ಈ ಒಂದು ನಿಯಮದಲ್ಲಿ ದೇಶದ ಕಲ್ಪನೆಯೇ ಅಡಗಿದೆ ಎಂದು ನನಗೆ ಅನಿಸುತ್ತದೆ.

ಹೀಗೆ ಬಯಸಿ ಬಂದವರಲ್ಲಿ ದೊಡ್ಡವರಿದ್ದಾರೆ. ಮಧ್ಯಭಾರತದ ಆದಿವಾಸಿಗಳ ನಡುವೆ ಬದುಕಿದ ಇಂಗ್ಲೆಂಡಿನ ವೆರಿಯರ್ ಎಲ್ವಿನ್ 1954ರಲ್ಲಿ ಭಾರತದ ಪೌರರಾದರು. ಬೆಲ್ಜಿಯಂನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಜ್ಯಾನ್ ಡ್ರೇಜ್ 2002ರಲ್ಲಿ ಪೌರರಾದರು. ಮುಂದೆ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಮೊದಲ ಕರಡಿಗೆ ಕೈಜೋಡಿಸಿದವರಲ್ಲಿ ಅವರೂ ಒಬ್ಬರು. ಹೊಲದಲ್ಲಿ ಕೂಲಿ ಮಾಡುವ ನಮ್ಮ ತಾಯಂದಿರಿಗೆ ವರ್ಷಕ್ಕೆ 100 ದಿನದ ಕೆಲಸ ಹಕ್ಕಾಗಿ ಬಂದದ್ದರ ಹಿಂದೆ, ಹುಟ್ಟಿನಿಂದ ಭಾರತೀಯನಲ್ಲದ ಒಬ್ಬ ಭಾರತೀಯನ ದುಡಿಮೆಯೂ ಇದೆ.

ಇನ್ನು ಹುಟ್ಟಿನ ದಾರಿ. ಇದು ಎಲ್ಲಕ್ಕಿಂತ ಸರಳವಾಗಿತ್ತು. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದಲ್ಲಿ ಹುಟ್ಟಿದ ಮಗು, ರಾಯಭಾರಿಗಳ ಮಕ್ಕಳಂಥ ಕೆಲವು ಅಪವಾದ ಬಿಟ್ಟರೆ, ಭಾರತದ ಪೌರ. ಅಪ್ಪ ಅಮ್ಮ ಯಾರೆಂದು ಕಾನೂನು ಕೇಳುತ್ತಿರಲಿಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಈಚೆಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಲ್ಲದವರಾಗಿರಬೇಕು. ಅಂದರೆ ಮಣ್ಣಿನಿಂದ ಬರುತ್ತಿದ್ದ ಪೌರತ್ವ ಹಂತಹಂತವಾಗಿ ರಕ್ತದ ಕಡೆಗೆ ಸರಿದಿದೆ. ಒಂದೇ ಬೀದಿಯಲ್ಲಿ ಹುಟ್ಟಿದ ಅಣ್ಣ ತಮ್ಮಂದಿರಿಗೆ, ಹುಟ್ಟಿದ ತಾರೀಕು ಬೇರೆ ಎಂಬ ಕಾರಣಕ್ಕೆ, ಬೇರೆ ಬೇರೆ ನಿಯಮ ಅನ್ವಯವಾಗಬಹುದು. ತನ್ನ ಪೌರತ್ವಕ್ಕೆ ತಂದೆ ತಾಯಿಯ ಕಾಗದವೂ ಬೇಕಾಗಬಹುದು ಎಂಬುದು ಇವತ್ತಿನ ಎಷ್ಟೋ ಯುವಕರಿಗೆ ಗೊತ್ತೇ ಇಲ್ಲ.

ಈ ಎಳೆದಾಟ ಹೊಸದೇನಲ್ಲ. 1949ರ ಆಗಸ್ಟ್‌ನಲ್ಲಿ ಸಂವಿಧಾನ ರಚನಾ ಸಭೆ ಪೌರತ್ವದ ವಿಧಿಗಳನ್ನು ಚರ್ಚೆಗೆ ಎತ್ತಿಕೊಂಡಿತು. ಇನ್ನೊಂದು ವಿಧಿಯನ್ನು ಬಿಟ್ಟರೆ ಇದರಷ್ಟು ತಲೆನೋವು ಕೊಟ್ಟದ್ದು ಬೇರಾವುದೂ ಇಲ್ಲ ಎಂದು ಅಂಬೇಡ್ಕರ್ ಸಭೆಗೆ ಹೇಳಿದರು. ದೇಶ ಒಡೆದಿತ್ತು. ಲಕ್ಷಾಂತರ ಜನ ಆಚೆಯಿಂದ ಬಂದಿದ್ದರು, ಲಕ್ಷಾಂತರ ಜನ ಹೋಗಿದ್ದರು, ಹೋದವರಲ್ಲಿ ಕೆಲವರು ಮನೆ ನೆನಪಾಗಿ ಮರಳಿದ್ದರು. ಇವರಲ್ಲಿ ಯಾರು ನಮ್ಮವರು? ಪಂಜಾಬರಾವ್ ದೇಶಮುಖ್ ಒಂದು ತಿದ್ದುಪಡಿ ತಂದರು: ಬೇರೆ ದೇಶದ ಪೌರತ್ವ ಇಲ್ಲದ ಪ್ರತಿಯೊಬ್ಬ ಹಿಂದೂ ಮತ್ತು ಸಿಖ್ಖನಿಗೆ, ಎಲ್ಲೇ ಇರಲಿ, ಭಾರತದ ಪೌರತ್ವದ ಹಕ್ಕಿರಬೇಕು ಎಂದು. ಸಭೆ ಅದನ್ನು ಒಪ್ಪಲಿಲ್ಲ. ಹುಟ್ಟು, ವಾಸ, ವಲಸೆ ಬಂದ ತಾರೀಕು ಇವೇ ಅಳತೆಗೋಲಾದವು. ವಿಭಜನೆಯ ರಕ್ತ ಇನ್ನೂ ಒಣಗದ ಹೊತ್ತಿನಲ್ಲಿ ಆ ಜನ ತೋರಿದ ಸಂಯಮಕ್ಕೆ ನಾನು ತಲೆಬಾಗುತ್ತೇನೆ. ಸಂವಿಧಾನದ ಬಹುಭಾಗ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಪೌರತ್ವದ 5ರಿಂದ 9ನೇ ವಿಧಿಗಳು, ಇನ್ನು ಕೆಲವು ವಿಧಿಗಳ ಜೊತೆ, ಎರಡು ತಿಂಗಳು ಮೊದಲೇ, ಅಂಗೀಕಾರವಾದ ದಿನವೇ, ಜಾರಿಯಾದವು.

2019ರ ತಿದ್ದುಪಡಿಯಲ್ಲಿ ಮೂರು ನೆರೆದೇಶಗಳಿಂದ 2014ರ ಅಂತ್ಯದೊಳಗೆ ಬಂದ ಆರು ಧರ್ಮಗಳವರಿಗೆ ಪೌರತ್ವದ ದಾರಿ ಸುಲಭವಾಯಿತು, ಮುಸ್ಲಿಮರು ಆ ಪಟ್ಟಿಯಲ್ಲಿಲ್ಲ. ಪೌರತ್ವ ಕಾಯ್ದೆಯಲ್ಲಿ ಧರ್ಮದ ಹೆಸರು ಅಳತೆಗೋಲಾಗಿ ಬಂದದ್ದು ಅದೇ ಮೊದಲು. ಪೀಡನೆಗೆ ಒಳಗಾದವರಿಗೆ ಆಶ್ರಯ ಎಂಬುದು ಸರ್ಕಾರದ ಸಮರ್ಥನೆ. ಸಮಾನತೆಯ ಭಂಗ ಎಂಬ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ. ನನ್ನ ಮಟ್ಟಿಗೆ 1949ರ ಸಭೆ ಹಿಡಿದ ದಾರಿಯೇ ಸರಿ. ಆಶ್ರಯ ಕೊಡುವುದಾದರೆ ಪೀಡನೆಯನ್ನು ನೋಡಿ ಕೊಡಬೇಕು.

ಈಗ ಮತದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಮೈಸೂರಿನಲ್ಲಿ 1881ರಲ್ಲೇ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ. ಅದರ ಬಗ್ಗೆ ನಮಗೆ ಹೆಮ್ಮೆ ಇರಬೇಕು. ಆದರೆ ಅಲ್ಲಿ ಕೂತವರು ದೊಡ್ಡ ಹಿಡುವಳಿದಾರರು, ವ್ಯಾಪಾರಿಗಳು. ಬ್ರಿಟಿಷ್ ಭಾರತದಲ್ಲಿ 1937ರ ಚುನಾವಣೆಗೆ ಮತದ ಹಕ್ಕಿದ್ದವರು ಸುಮಾರು 3 ಕೋಟಿ ಜನ. ಆಸ್ತಿ, ತೆರಿಗೆ, ಓದು ಇದ್ದವರು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿಯಲ್ಲಿ ಇದ್ದವರು ಸುಮಾರು 17.3 ಕೋಟಿ. ಅವರಲ್ಲಿ ಬಹುಪಾಲು ಜನಕ್ಕೆ ಅಕ್ಷರ ಬರುತ್ತಿರಲಿಲ್ಲ.

ಆ ಪಟ್ಟಿ ಹೇಗಾಯಿತು ಎಂಬುದು ನಮ್ಮ ಶಾಲೆಗಳಲ್ಲಿ ಹೇಳಬೇಕಾದ ಕಥೆ. ಕೆಲಸ ಶುರುವಾದಾಗ ಸಂವಿಧಾನವೇ ಸಿದ್ಧವಾಗಿರಲಿಲ್ಲ, ಯಾರು ಪೌರ ಎಂಬುದೂ ತೀರ್ಮಾನವಾಗಿರಲಿಲ್ಲ. ಸಂವಿಧಾನ ರಚನಾ ಸಭೆಯ ಸಚಿವಾಲಯ 1948ರಲ್ಲೇ ಮನೆಮನೆಗೆ ಹೋಗಿ ಹೆಸರು ಬರೆಸಲು ಹೊರಟಿತು. ಸಭೆಯ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ನಿರಾಶ್ರಿತರ ಬಳಿ ಕಾಗದ ಎಲ್ಲಿಂದ ಬರಬೇಕು? ಮನೆ ಸುಟ್ಟು ಓಡಿ ಬಂದವರು. ಹಾಗಾಗಿ, ಈ ಊರಲ್ಲೇ ಶಾಶ್ವತವಾಗಿ ನೆಲೆಸುತ್ತೇನೆ ಎಂದು ಅವರು ಕೊಡುವ ಹೇಳಿಕೆಯ ಮೇಲೆಯೇ ಹೆಸರು ಸೇರಿಸಿಕೊಳ್ಳಿ ಎಂದು ಸೂಚನೆ ಹೋಯಿತು. ಬಡ ದೇಶ, ಗಲಭೆಯ ಕಾಲ, ಆದರೂ ಸರ್ಕಾರಿ ಯಂತ್ರ ಜನರ ಮಾತನ್ನು ನಂಬಿತು. ಪಟ್ಟಿಗೆ ಸೇರಿಸುವುದು ತನ್ನ ಹೊಣೆ ಎಂದುಕೊಂಡಿತು.

ಮತ್ತೊಂದು ತೊಡಕು ಹೆಂಗಸರ ಹೆಸರಿನದು. ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ಪರಗಂಡಸಿನ ಎದುರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು: ಮತದಾರಳಿಗೆ ಅವಳದೇ ಹೆಸರಿರಬೇಕು. ಹೆಸರು ಕೊಡಿ ಎಂದು ಪ್ರಚಾರ ಮಾಡಿಸಿದರು, ಬಿಹಾರದಲ್ಲಿ ಹೆಚ್ಚಿನ ಸಮಯವನ್ನೂ ಕೊಟ್ಟರು. ಆದರೂ ಕೊನೆಗೆ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿಯನ್ನು ಪಟ್ಟಿಯಿಂದ ಬಿಡಬೇಕಾಯಿತು. ಆ 28 ಲಕ್ಷ ತಾಯಂದಿರು ಮತ ಕಳೆದುಕೊಂಡದ್ದು ನೋವಿನ ಸಂಗತಿ. ಆದರೆ ಸೇನ್ ಅವರ ನಿರ್ಧಾರ ತಪ್ಪೆಂದು ನಾನು ಹೇಳಲಾರೆ. ಗಂಡನ ಮೂಲಕ, ಮಗನ ಮೂಲಕ ಬರುವ ಪೌರತ್ವ ಪೂರ್ಣವಲ್ಲ ಎಂಬುದನ್ನು ದೇಶ ತನ್ನ ಮೊದಲ ಪಟ್ಟಿಯಲ್ಲೇ ಬರೆದಿಟ್ಟಿತು. ಮುಂದಿನ ಚುನಾವಣೆಗಳಲ್ಲಿ ಹೆಂಗಸರು ಹೆಸರು ಹೇಳಿದರು, ಹೇಳುತ್ತಲೇ ಬಂದರು.

1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಒಂದು ಮಾತನ್ನು ಇದರ ಜೊತೆಗಿಟ್ಟು ನೋಡಿ. ದೆಹಲಿ, ಮುಂಬೈಗಳ ಬಡ ಬಡಾವಣೆಗಳಲ್ಲಿ ಸಾವಿರಾರು ಜನರಿಗೆ ಪೌರತ್ವ ಸಾಬೀತು ಮಾಡಿ ಎಂದು ನೋಟಿಸ್ ಹೋಗಿತ್ತು. ಹಿಂದಿನಿಂದಲೂ ಪಟ್ಟಿಯಲ್ಲಿರುವ ಹೆಸರನ್ನು ಸುಮ್ಮನೆ ತೆಗೆಯುವಂತಿಲ್ಲ, ಅನುಮಾನಕ್ಕೆ ಆಧಾರವೇನೆಂದು ಅವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು, ಒಂದೇ ಬಗೆಯ ದಾಖಲೆಗೆ ಹಟ ಹಿಡಿಯಬಾರದು ಎಂದು ನ್ಯಾಯಾಲಯ ಹೇಳಿತು. ಆಧಾರ್ ಕಾರ್ಡ್ ಪೌರತ್ವಕ್ಕೆ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಮಕ್ಕಳ ಜನನ ಪ್ರಮಾಣಪತ್ರವನ್ನು ಸಮಯಕ್ಕೆ ಸರಿಯಾಗಿ ಮಾಡಿಸಿ, ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಆಗಿರುವಂತೆ ನೋಡಿಕೊಳ್ಳಿ. ನಿಮ್ಮ ಮನೆಕೆಲಸಕ್ಕೆ ಬರುವವರ ಮಕ್ಕಳದ್ದನ್ನೂ ವಿಚಾರಿಸಿ.

ಇನ್ನು ಹಕ್ಕುಗಳು. ಸಂವಿಧಾನದ ಮೂರನೇ ಭಾಗ ಎರಡು ಬಗೆಯ ಮಾತಾಡುತ್ತದೆ. ಕೆಲವು ಹಕ್ಕುಗಳು ಪೌರರಿಗೆ ಮಾತ್ರ: ಮಾತಿನ, ಸಭೆ ಸೇರುವ, ಸಂಘ ಕಟ್ಟುವ, ದೇಶದೊಳಗೆ ಎಲ್ಲಿಯಾದರೂ ಓಡಾಡಿ ನೆಲೆಸುವ, ಇಷ್ಟದ ಕಸುಬು ಮಾಡುವ 19ನೇ ವಿಧಿಯ ಸ್ವಾತಂತ್ರ್ಯಗಳು; ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುವ 16ನೇ ವಿಧಿ. ಕೆಲವು ಈ ನೆಲದ ಮೇಲಿರುವ ಪ್ರತಿಯೊಬ್ಬ ಮನುಷ್ಯನಿಗೆ: 14ರ ಸಮಾನತೆ, 21ರ ಜೀವ ಮತ್ತು ಸ್ವಾತಂತ್ರ್ಯ, 25ರ ಧರ್ಮದ ಸ್ವಾತಂತ್ರ್ಯ. ಗಡಿಯಾಚೆಯಿಂದ ನಿರಾಶ್ರಿತರಾಗಿ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಜಾಗ ಬಿಟ್ಟು ಹೋಗಿ ಎಂದು ಬೆದರಿಸಿದಾಗ, 1996ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರಕ್ಕೆ ಆದೇಶಿಸಿತು: ಇವರ ಪ್ರಾಣ ಕಾಪಾಡುವುದು ನಿಮ್ಮ ಹೊಣೆ, ಪೌರರಿರಲಿ ಇಲ್ಲದಿರಲಿ. ಆದ್ದರಿಂದ ಅವರು ನಮ್ಮ ದೇಶದವರೇ ಅಲ್ಲವಲ್ಲ ಎಂಬ ಮಾತು ಯಾರನ್ನಾದರೂ ಹೊಡೆಯಲು, ಗುಡಿಸಲು ಕೆಡವಲು ನೆಪವಾಗದು.

ಈಗ ಕರ್ತವ್ಯ. ಭಾಷಣಗಳಲ್ಲಿ ಸಾಮಾನ್ಯವಾಗಿ ಕೇಳುತ್ತೇವೆ: ಎಲ್ಲರೂ ಹಕ್ಕು ಹಕ್ಕು ಎನ್ನುತ್ತಾರೆ, ಕರ್ತವ್ಯ ಮಾಡಿದರಲ್ಲವೇ ಹಕ್ಕು ಎಂದು. ಸಂವಿಧಾನ ಹಾಗೆ ಹೇಳುವುದಿಲ್ಲ. ಮೂಲ ಸಂವಿಧಾನದಲ್ಲಿ ಮೂಲಭೂತ ಕರ್ತವ್ಯಗಳ ಪಟ್ಟಿಯೇ ಇರಲಿಲ್ಲ. ಸ್ವರಣ್ ಸಿಂಗ್ ಸಮಿತಿಯ ಶಿಫಾರಸಿನ ಮೇಲೆ, 1976ರ 42ನೇ ತಿದ್ದುಪಡಿಯಲ್ಲಿ, 51ಎ ವಿಧಿಯಾಗಿ ಹತ್ತು ಕರ್ತವ್ಯಗಳು ಬಂದವು. 2002ರಲ್ಲಿ ಹನ್ನೊಂದನೆಯದು ಸೇರಿತು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಓದಿಸುವುದು. 1976 ಎಂದರೆ ತುರ್ತು ಪರಿಸ್ಥಿತಿ. ಅದೇ ವರ್ಷ ಏಪ್ರಿಲ್‌ನಲ್ಲಿ, ಕಾರಣವಿಲ್ಲದೆ ಬಂಧಿಸಿದರೂ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ತೀರ್ಪಿತ್ತಿದ್ದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಜನರ ಹಕ್ಕು ಪಾತಾಳ ಕಂಡ ವರ್ಷದಲ್ಲೇ ಅವರಿಗೆ ಕರ್ತವ್ಯದ ಪಟ್ಟಿ ಬಂತು ಎಂಬುದನ್ನು ಮರೆಯಬಾರದು.

ಪಟ್ಟಿ ಕೆಟ್ಟದೆಂದು ನನ್ನ ಮಾತಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಿ, ಹೆಂಗಸರ ಘನತೆಗೆ ಕುಂದು ತರುವ ಆಚರಣೆ ಬಿಡಿ, ಕಾಡು ಕೆರೆ ನದಿಗಳನ್ನು ಕಾಪಾಡಿ, ಜೀವಿಗಳ ಮೇಲೆ ದಯೆ ಇರಲಿ ಎನ್ನುತ್ತದೆ. ಗಂಗಾ ಮಾಲಿನ್ಯದ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಇದೇ ವಿಧಿಯನ್ನು ಆಧರಿಸಿ, ಶಾಲೆಗಳಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಪರಿಸರದ ಪಾಠ ಇರಲಿ ಎಂದಿತು. ಆದರೆ ಈ ಕರ್ತವ್ಯಗಳು ಹಕ್ಕಿಗೆ ಹಾಕಿದ ಷರತ್ತುಗಳಲ್ಲ. ಕೇರಳದಲ್ಲಿ ಒಂದೇ ಮನೆಯ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಅಡ್ಡಬರುತ್ತಿತ್ತು. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ರಾಷ್ಟ್ರಗೀತೆಯನ್ನು ಗೌರವಿಸುವುದು 51ಎಯಲ್ಲಿರುವ ಮೊದಲನೆಯ ಕರ್ತವ್ಯದ ಭಾಗ. ಎದ್ದು ನಿಂತರೆ ಗೌರವ ಸಂದಂತೆಯೇ, ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ ಎಂಬುದು ತೀರ್ಪಿನ ತಿರುಳು.

ಹಾಗಾದರೆ ಪೌರನ ಗಟ್ಟಿ ಕರ್ತವ್ಯ ಎಲ್ಲಿದೆ? ನಾನು ಇಲ್ಲಿಗೆ ಬಂದದ್ದು ಇದನ್ನು ಹೇಳಲೆಂದೇ. ಅದು ಹಕ್ಕುಗಳ ಭಾಗದಲ್ಲೇ ಇದೆ. ಮೂಲಭೂತ ಹಕ್ಕುಗಳೆಂದರೆ ಸರ್ಕಾರದ ವಿರುದ್ಧ ಇರುವ ಹಕ್ಕು ಎಂದು ಕಲಿತಿದ್ದೇವೆ. ಆದರೆ 15ನೇ ವಿಧಿಯ ಎರಡನೇ ಖಂಡ ಓದಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾವ ಪೌರನನ್ನೂ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಬರದಂತೆ, ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಬಳಸದಂತೆ ತಡೆಯಬಾರದು ಎನ್ನುತ್ತದೆ. ತಡೆಯುವವರು ಯಾರು? ಬಾವಿಯ ಬಳಿ ನಿಂತು ಕೊಡ ತಡೆದವರು ಸರ್ಕಾರದವರಲ್ಲ, ನೆರೆಯವರು. 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದ್ದು ಯಾವ ರೂಪದಲ್ಲಿ, ಯಾರು ಆಚರಿಸಿದರೂ. 23ನೇ ವಿಧಿ ಜೀತವನ್ನು ನಿಷೇಧಿಸಿದ್ದೂ ಹಾಗೆಯೇ. ಇವು ನಮ್ಮನ್ನು ನಾವು ಕಟ್ಟಿಹಾಕಿಕೊಂಡ ವಿಧಿಗಳು. ಒಬ್ಬರಿಗೆ ಹಕ್ಕು ಎಂದು ಬರೆದ ಸಾಲೇ ಪಕ್ಕದವರಿಗೆ ಕರ್ತವ್ಯದ ಸಾಲು, ಮತ್ತು ಇದನ್ನು ಮುರಿದರೆ ಶಿಕ್ಷೆಯುಂಟು.

1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರ್ ಸಾವಿರಾರು ದಲಿತರೊಡನೆ ಚವದಾರ್ ಕೆರೆಯ ನೀರು ಮುಟ್ಟಿದರು. ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದು ಮೊದಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ಹಕ್ಕು ಇತ್ತು. ಊರಿನವರು ಕೊಡಲಿಲ್ಲ, ನೀರು ಮುಟ್ಟಿದವರನ್ನು ಹೊಡೆದರು. 21 ವರ್ಷದ ನಂತರ, 1948ರ ನವೆಂಬರ್‌ನಲ್ಲಿ, ಈ 15ನೇ ವಿಧಿಯ ಚರ್ಚೆಯಲ್ಲಿ ಅಂಗಡಿ ಎಂದರೆ ದೋಬಿಯ ಅಂಗಡಿ, ಕ್ಷೌರದಂಗಡಿಯೂ ಸೇರುತ್ತದೆಯೇ ಎಂಬ ಪ್ರಶ್ನೆ ಬಂದಾಗ, ಸೇವೆ ಒದಗಿಸಲು ಕುಳಿತ ಪ್ರತಿಯೊಬ್ಬರೂ ಸೇರುತ್ತಾರೆ ಎಂಬರ್ಥದಲ್ಲಿ ಅಂಬೇಡ್ಕರ್ ಉತ್ತರಿಸಿದರು. ಹಳ್ಳಿಯ ಕ್ಷೌರದಂಗಡಿಯಲ್ಲಿ ದಲಿತ ಯುವಕನಿಗೆ ಕತ್ತರಿ ಹಿಡಿಯುವುದಿಲ್ಲ ಎಂಬ ಸುದ್ದಿ ಇಂದಿಗೂ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಬರುತ್ತದೆ. ಅಂಥ ಅಂಗಡಿಯ ಸರದಿಯಲ್ಲಿ ಕೂತ ಉಳಿದವರು ಎದ್ದು ನಿಂತು, ಇವನಿಗೂ ಮಾಡು, ಇಲ್ಲದಿದ್ದರೆ ನಮಗೂ ಬೇಡ ಅಂದರೆ ಅದು ಪೌರತ್ವ.

ಪಟ್ಟಣದವರಿಗೂ ಒಂದು ಮಾತು. ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾನೂನು 1993ರಲ್ಲಿ ಬಂತು, ಇನ್ನೂ ಬಲವಾದದ್ದು 2013ರಲ್ಲಿ. 2013ರ ಕಾನೂನಿನ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಚರಂಡಿ, ಪಿಟ್ ಒಳಗೆ ಮನುಷ್ಯನನ್ನು ಇಳಿಸುವುದು ಅಪರಾಧ, ಇಳಿಸಿದವರು ನಗರಪಾಲಿಕೆಯಾಗಲಿ, ಗುತ್ತಿಗೆದಾರರಾಗಲಿ, ಮನೆಯ ಯಜಮಾನರಾಗಲಿ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಸಕ್ಕಿಂಗ್ ಯಂತ್ರಕ್ಕೆ ದುಡ್ಡು ಜಾಸ್ತಿ, ಇಬ್ಬರು ಹುಡುಗರನ್ನು ಕರೆಸೋಣ ಎಂದು ಯಾರಾದರೂ ಹೇಳಿದಾಗ ಸುಮ್ಮನಿದ್ದು, ಆ ಹುಡುಗರು ಒಳಗೆ ಉಸಿರುಗಟ್ಟಿ ಸತ್ತರೆ, ಆ ಸಾವಿನಲ್ಲಿ ಪಾಲು ಪಡೆದಂತೆ. ನಾನು ಕಟುವಾಗಿ ಹೇಳುತ್ತಿದ್ದೇನೆ, ವಿಷಯವೇ ಅಂಥದ್ದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹಿರಿಯರು ಕೇಳಿದರು: ತೆರಿಗೆ ಕಟ್ಟುವವರು ಕೆಲವೇ ಜನ, ಅವರ ಮಾತಿಗೆ ಹೆಚ್ಚು ತೂಕ ಬೇಡವೇ? ಸ್ವರಣ್ ಸಿಂಗ್ ಸಮಿತಿ ತೆರಿಗೆ ಕಟ್ಟುವುದನ್ನೂ ಕರ್ತವ್ಯದ ಪಟ್ಟಿಗೆ ಸೇರಿಸಲು ಹೇಳಿತ್ತು, ಅದು ಸೇರಲಿಲ್ಲ. ತೆರಿಗೆ ಕಟ್ಟಬೇಕಾದದ್ದು ಆಯಾ ಕಾನೂನಿನ ಪ್ರಕಾರ, ಕಟ್ಟದಿದ್ದರೆ ಶಿಕ್ಷೆಯೂ ಇದೆ. ಆದರೆ ಸ್ವಾಮಿ, ಆದಾಯ ತೆರಿಗೆ ಕಟ್ಟುವವರು ಕೆಲವರಿರಬಹುದು, ಸೋಪು ಕೊಳ್ಳುವ ಪ್ರತಿಯೊಬ್ಬ ಕೂಲಿಕಾರನೂ ಜಿಎಸ್‌ಟಿ ಕಟ್ಟುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಆಸ್ತಿ ನೋಡಿ ಮತ ಕೊಡುವ ಕಾಲವನ್ನು ನಾವು ದಾಟಿ ಬಂದಿದ್ದೇವೆ. ಹಿಂದಕ್ಕೆ ಹೋಗುವುದು ಬೇಡ. ನಿಮ್ಮ ಹಣ ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರಿಸಬೇಕು. ಹಳ್ಳಿಯಲ್ಲಿದ್ದರೆ ಗ್ರಾಮ ಸಭೆ ಇದೆ. ಅಲ್ಲಿ ಪಂಚಾಯ್ತಿಯ ಜಮಾಖರ್ಚು ಕೇಳಲು ನಿಮಗೆ, ನಿಮ್ಮ ಹೊಲದ ಆಳಿಗೆ, ಇಬ್ಬರಿಗೂ ಒಂದೇ ಅಧಿಕಾರ.

ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: ನನಗಿನ್ನೂ ಹದಿನೇಳು, ನಾನೇನು ಮಾಡಲಿ? ಮತದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಿಂದ, 1989ರಲ್ಲಿ. ಈಗ ಹದಿನೇಳು ತುಂಬಿದವರು ಮುಂಗಡವಾಗಿಯೇ ಫಾರಂ 6, ಅಂದರೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ಕೊಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಒಂದನೇ ತಾರೀಕುಗಳಲ್ಲಿ ಯಾವುದರ ಹೊತ್ತಿಗೆ ಹದಿನೆಂಟು ತುಂಬುತ್ತದೋ ಆಗ ಹೆಸರು ಪಟ್ಟಿಗೆ ಬರುತ್ತದೆ. ನಿನ್ನದನ್ನು ಕೊಡುವಾಗ ಓದು ಬಿಟ್ಟು ಗಾರ್ಮೆಂಟ್ಸ್‌ಗೆ ಸೇರಿದ ನಿನ್ನ ಗೆಳತಿಯರದ್ದನ್ನೂ ತುಂಬಿಸಿ ಕೊಡು. ಮನೆ ಬದಲಾಯಿಸಿದವರಿಗೆ ಫಾರಂ 8. ಕರಡು ಪಟ್ಟಿ ಪ್ರಕಟವಾದಾಗ ನಿಮ್ಮ ಬೀದಿಯ ಪುಟವನ್ನು ಪೂರ್ತಿ ಓದು. ಇರಬೇಕಾದ ಹೆಸರು ಇಲ್ಲದಿದ್ದರೆ ಅವರ ಮನೆಗೆ ಹೋಗಿ ಹೇಳು, ಹಕ್ಕು ಮತ್ತು ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ ಯಾವಾಗ ಎಂದು ಬೂತ್ ಮಟ್ಟದ ಅಧಿಕಾರಿಯಿಂದ ಕೇಳಿ ತಿಳಿಸು.